ಸಂಡೂರಿನ ಕಾಡಿನಾಗ ಕೊಹಿಮಾದ ಪಾಠ

ಬಳ್ಳಾರಿ ಅಂದ್ರ ಬಿಸಿಲು, ಬಂಡಿಗಲ್ಲು, ಜಾಲಿ ಅಷ್ಟ ಅಂತ ಹೊರಗಿನ ಮಂದಿ ತಿಳ್ಕೊಂಡಾರ, ಮಳಿಗಾಲದಾಗ ಸಂಡೂರಿನ ಕುಮಾರಸ್ವಾಮಿ ಬೆಟ್ಟದ ಕಡಿ ಬಂದು ನೋಡ್ಬೇಕು, ಹತ್ತು ಮಾರು ಮುಂದಿರೋ ಮನುಷ್ಯ ಕಾಣಂಗಿಲ್ಲ ಅಷ್ಟು ಗಿಡ, ಅಷ್ಟು ಮಂಜು. ಹೋದ ಆಗಸ್ಟ್‌ನಾಗ ನಮ್ಮ ಕಾಲೇಜಿನ ಎನ್‌ಸಿಸಿ ಹುಡುಗ್ರು ಹುಡುಗೇರ್ನ ಕರ್ಕೊಂಡು ಅಲ್ಲಿ ಟ್ರೆಕ್ ಹೋಗಿದ್ವಿ. ಜೊತಿಗೆ ಸಿರುಗುಪ್ಪ ಕಡೆಯ ರಿಟೈರ್ಡ್ ಸುಬೇದಾರ್ ಸಾಹೇಬ್ರು ಬಂದಿದ್ರು, ಸರ್ವಿಸ್‌ನಾಗ ನಾಗಾಲ್ಯಾಂಡ್ ಪೋಸ್ಟಿಂಗ್ ಮಾಡ್ದವ್ರು.

ಕೆಂಪು ಮಣ್ಣು ಬೂಟಿಗೆ ಮೆತ್ಗೊಂಡು ಎಲ್ಲಾರೂ ಸುಸ್ತಾಗಿದ್ರು. ಒಂದು ಬಯಲು ಜಾಗ ಸಿಕ್ತು, ಸಾಹೇಬ್ರು ನಿಂತು "ಲೇ ತಮ್ಮಾ, ಇಲ್ಲಿಂದ 78 ಅಡಿ ಅಳಿ, ಆ ತುದಿಗೆ ನಾಕು ಮಂದಿ ಮಕ್ಕೋರಿ, ಈ ತುದಿಗೆ ನಾಕು ಮಂದಿ" ಅಂದ್ರು. ಹುಡುಗ್ರು ನಕ್ಕೋತ ಮಕ್ಕೊಂಡ್ರು. ಆಮ್ಯಾಲ ಹೇಳಿದ್ರು, ಇದು ಟೆನ್ನಿಸ್ ಕೋರ್ಟ್ ಉದ್ದ, ಎರಡನೇ ಮಹಾಯುದ್ಧದಾಗ, 1944ರ ಏಪ್ರಿಲ್‌ನಾಗ, ನಾಗಾಲ್ಯಾಂಡಿನ ಕೊಹಿಮಾದ ಡೆಪ್ಯುಟಿ ಕಮಿಷನರ್ ಬಂಗಲೆ ಕೋರ್ಟ್‌ನ ಒಂದು ಕಡಿ ನಮ್ಮವ್ರು, ಅಂದ್ರ ಬ್ರಿಟಿಷರ ಕೈಕೆಳಗಿನ ಸೈನ್ಯ, ಇನ್ನೊಂದು ಕಡಿ ಜಪಾನಿನವ್ರು ಗುಂಡಿ ತೋಡ್ಕೊಂಡು ವಾರಗಟ್ಟಲೆ ಕೂತಿದ್ರು, ಗ್ರೆನೇಡ್ ಕೈಯಿಂದ್ಲೇ ಎಸೀತಿದ್ರು ಅಂತ. ನಗು ನಿಂತು ಹೋತು, ಯಾಕಂದ್ರ ಆ ತುದಿಯಾಗಿದ್ದ ಗೆಳೆಯನ ಮಾರಿ ಇಲ್ಲಿಗೆ ಚೊಲೋ ಕಾಣ್ತಿತ್ತು.

ಕೊಹಿಮಾದಾಗ ನಮ್ಮ ಕಡಿ ಬಂದೂಕು ಹಿಡದು ಕಾದಾಡೋರು ಸುಮಾರು 1500 ಮಂದಿ, ಸುತ್ತಗಟ್ಟಿದ್ದು ಜಪಾನಿನ 31ನೇ ಡಿವಿಜನ್, ಹನ್ನೆರಡು ಸಾವಿರಕ್ಕೂ ಹೆಚ್ಚು. ನೀರಿನ ಟ್ಯಾಂಕ್ ವೈರಿ ಕೈ ಸೇರಿತ್ತು, ತಲಿಗೆ ಸಿಗೋ ನೀರು ಕೆಲವು ದಿನ ಅರ್ಧ ಲೀಟರ್ ಕೂಡ ಇರ್ಲಿಲ್ಲ, ವಿಮಾನದಿಂದ ಬೀಳ್ಸಿದ ಸಾಮಾನು ಎಷ್ಟೋ ವೈರಿ ಕಡಿಗೇ ಬೀಳ್ತಿತ್ತು. ಇದನ್ನ ಕೇಳಿದ್ದ ತಡ ನಮ್ಮ ಹುಡುಗನೊಬ್ಬ ತನ್ನ ಬಾಟ್ಲಿ ತೆಗೆದು ಎಷ್ಟು ಉಳದೈತಿ ಅಂತ ನೋಡ್ಕೊಂಡ.

ಆದ್ರ ನನ್ನ ಮನಸಿಗೆ ಹೆಚ್ಚು ನಾಟಿದ್ದು ಅದರ ಹಿಂದಿನ ವಾರದ ಕಥಿ. ಕೊಹಿಮಾದ ಪೂರ್ವಕ್ಕ ಜೆಸ್ಸಾಮಿ, ಖರಾಸೋಮ್ ಅಂತ ಎರಡು ಊರು, ಅಲ್ಲಿದ್ದದ್ದು 1941ರಾಗ ಶಿಲ್ಲಾಂಗ್‌ನಾಗ ಹುಟ್ಟಿದ ಅಸ್ಸಾಂ ರೆಜಿಮೆಂಟ್‌ನ ಮೊದಲನೇ ಬೆಟಾಲಿಯನ್. ಕೊನೇ ಮನುಷ್ಯ, ಕೊನೇ ಗುಂಡು ಇರೋತನಕ ನಿಲ್ರಿ ಅನ್ನೋ ಆರ್ಡರ್. ಆಮ್ಯಾಲ ಹಿಂದ ಬರ್ರಿ ಅಂತ ಆರ್ಡರ್ ಬದಲಾತು, ಖರಾಸೋಮ್‌ಗೆ ಅದು ಮುಟ್ಟಲೇ ಇಲ್ಲ. ಅಲ್ಲಿದ್ದ ಕ್ಯಾಪ್ಟನ್ ಯಂಗ್ ತನ್ನ ಸಿಪಾಯಿಗಳ್ನ ರಾತ್ರಿ ಕಳಿಸಿ ತಾನೊಬ್ಬನೇ ಉಳದು ಸತ್ತ. ಜೆಸ್ಸಾಮಿಯಿಂದ ಕಾಡು ದಾಟಿ ಬಂದವ್ರು ಕೊಹಿಮಾದಾಗ ಮತ್ತ ಬಂದೂಕು ಹಿಡದ್ರು. ಗೆದ್ದಿಲ್ಲ ಅವ್ರು, ಟೈಮ್ ಗಳಿಸಿ ಕೊಟ್ರು. ಆ ಒಂದೊಂದು ದಿನದಾಗ ಕೊಹಿಮಾಕ್ಕ ಮಂದಿ ಬಂದು ಸೇರಿದ್ರು, ಇಲ್ಲಾಂದ್ರ ಆ ಗುಡ್ಡ ಹಿಡಿಯೋಕ್ಕ ಯಾರಿರ್ತಿದ್ರು? ಹೆಗಲ ಮ್ಯಾಲೆ ಗಾಯಾಳುಗಳ್ನ ಹೊತ್ತು ಗುಡ್ಡ ಇಳಿಸಿದ ನಾಗಾ ಮಂದೀನ್ನಂತೂ ನಮ್ಮ ಪಾಠದಾಗ ಯಾರೂ ಹೇಳಂಗಿಲ್ಲ, ಇದು ಬಾಳ ಬ್ಯಾಸರ ನನಗ.

ಆಗ ಮದ್ರಾಸ್ ಪ್ರೆಸಿಡೆನ್ಸಿಯೊಳಗಿದ್ದ ನಮ್ಮ ಬಳ್ಳಾರಿಯಂಥ ಒಣ ಸೀಮಿಯಿಂದ ಯಾರಾದ್ರೂ ಅಲ್ಲಿ ಹೋಗಿದ್ರ ಅವ್ರಿಗೆ ಆ ಮಳಿ, ಜಿಗಣಿ, ಮಲೇರಿಯಾ ಹೆಂಗ ಅನ್ನಿಸಿರಬೇಕು ಅಂತ ನಡಕೋತ ಯೋಚ್ನಿ ಮಾಡ್ದೆ. ನಮಗ ಒಂದು ದಿನಕ್ಕೇ ಕಾಲು ಸೋತಿದ್ವು.

ವಾಪಸ್ ಬಸ್‌ನಾಗ ಹುಡುಗ್ರು ಕೊಹಿಮಾ ಸುತ್ತಗಟ್ಟಿದ್ದ ಆ 31ನೇ ಡಿವಿಜನ್‌ನ ಮುಖ್ಯಸ್ಥ, ಜಪಾನಿನ ಜನರಲ್ ಸಾಟೊ ವಿಷಯಕ್ಕ ಜಗಳಕ್ಕ ಬಿದ್ರು. ಅವನ ಕಡಿ ಬರೇ ಮೂರು ವಾರದ ಅನ್ನ ಇತ್ತು, ಹಿಂದಿನಿಂದ ಏನೂ ಬರ್ಲಿಲ್ಲ, ಮೇಲಿನವ್ರ ಆರ್ಡರ್ ಮೀರಿ ಹಸದ ಸೈನಿಕರ್ನ ಹಿಂದಕ್ಕ ಕರ್ಕೊಂಡು ಹೋದ, ಅದಕ್ಕ ಅಧಿಕಾರ ಕಳ್ಕೊಂಡ. ಸಿಪಾಯಿ ಆದವ ಆರ್ಡರ್ ಮೀರಬಾರ್ದು ಅಂದ ಒಬ್ಬ. ಮುಂದಿನ ಸೀಟಿನ ಹುಡುಗಿ ತಿರುಗಿ ಕೇಳಿದ್ಲು, "ಸರ್, ಯಂಗ್ ತನ್ನ ಹುಡುಗ್ರನ್ನ ಕಳಿಸಿದ್ದೂ ಸಾಟೊ ಮಾಡಿದ್ದೂ ಒಂದ ಅಲ್ಲೇನ್ರಿ?" ಸಾಹೇಬ್ರು ಸ್ವಲ್ಪ ತಡದು "ಯಂಗ್‌ಗೆ ಹಿಂದ ಬಾ ಅನ್ನೋ ಆರ್ಡರ್ ಮುಟ್ಟಿರ್ಲಿಲ್ಲ ಯವ್ವಾ, ಸಾಟೊಗೆ ನಿಲ್ಲು ಅನ್ನೋದು ಮುಟ್ಟಿತ್ತು, ಆ ಫರಕು ಐತಿ" ಅಂದ್ರು. ಆಕಿ ಒಪ್ಲಿಲ್ಲ. ತೋರಣಗಲ್ಲು ದಾಟಿದ್ರೂ ವಾದ ನಡದೇ ಇತ್ತು, ನಾನು ಆ ಹುಡುಗಿ ಕಡಿಗೇ ಮಾತಾಡ್ದೆ.