ಕಿಡಿಯೊ ಸುತ್ತುವ ರಾತ್ರಿ

ಡಿಸೆಂಬರ್ 23. ಕಾಸರಗೋಡಿನ ಬೇಳದ ನಮ್ಮ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳು, ಸುಮ್ನೆ ಅಲ್ಲ. ನೆವ್ರಿ, ಗುಳಿಯೊ, ಚಕ್ಕುಲಿ, ಸಾಲದ್ದಕ್ಕೆ ಕಿಡಿಯೊ. ಮೈದಾದ ಪುಟ್ಟ ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಬೇಕು. ನೂರು ಸುತ್ತುವಷ್ಟರಲ್ಲಿ ನನ್ನ ಹೆಬ್ಬೆರಳು ಮರಗಟ್ಟಿತು, ಸಿಟ್ಟೂ ಬಂತು. ಅತ್ತೆ ಮಾತ್ರ ಒಂದೊಂದು ಸುರುಳಿಗೂ ಒಬ್ಬೊಬ್ಬರನ್ನು ನೆನೆದು ದೇವರಿಗೆ ಥ್ಯಾಂಕ್ಸ್ ಹೇಳುತ್ತಿದ್ದರು. ಮಳೆಗಾಲದಲ್ಲಿ ಹಂಚು ಸರಿಮಾಡಿಕೊಟ್ಟವರು, ಮಾವನನ್ನು ಆಸ್ಪತ್ರೆಗೆ ಕರೆದೊಯ್ದ ಪಕ್ಕದ ಮನೆಯ ಬ್ಯಾರಿ ಮುಸ್ಲಿಂ ಹುಡುಗ... ನನಗೆ ಜಪಸರಕ್ಕಿಂತ ಇದೇ ಜಾಸ್ತಿ ಇಷ್ಟವಾಯಿತು, ಅತ್ತೆಗೆ ಹೇಳಬೇಡಿ.

ನಾಳೆ ರಾತ್ರಿ ಪೂಜೆಗೆ 1890ರಲ್ಲಿ ಶುರುವಾದ ನಮ್ಮ ಶೋಕಮಾತೆ ಇಗರ್ಜಿಗೆ ಹೊರಡುವ ಮೊದಲು ಗೋದಲಿಗೆ ಬೈಹುಲ್ಲು ಹಾಸಬೇಕು. ಮೊದಲ ತಟ್ಟೆ ಮಾತ್ರ ಈಗಲೇ ಆ ಹುಡುಗನ ಮನೆಗೆ ಹೋಯಿತು. ಕಿಡಿಯೊ ಇನ್ನೂ ಬಿಸಿಯಿತ್ತು.