ಕಣಿವೆ ಕಾಣಬೇಕಾದರೆ

ದೀಪ ಹೊಂದಿಸುವ ಕೆಲಸ ಹಗಲಲ್ಲಿ ಆಗುವಂಥದ್ದಲ್ಲ. ವೈರಿಂಗ್, ಎಲ್ಇಡಿಗೆ ಕರೆಂಟ್ ಹೊಂದಿಸಿ ಕೊಡುವ ಡ್ರೈವರ್, ಸ್ವಿಚ್ಚು ಎಲ್ಲ ಹಗಲಲ್ಲೇ ಮುಗಿದಿರುತ್ತದೆ. ಯಾವ ದೀಪ ಎತ್ತ ಮುಖ ಮಾಡಬೇಕು, ಎಷ್ಟು ಉರಿಯಬೇಕು ಅನ್ನುವುದು ಮಾತ್ರ ಹೊತ್ತು ಮುಳುಗಿದ ಮೇಲಿನ ತೀರ್ಮಾನ. ಬೆಟ್ಟದ ಇಳಿಜಾರಿನ ಆ ಮನೆಗೂ ನಾನು ಮತ್ತು ಎಲೆಕ್ಟ್ರಿಷಿಯನ್ ಏಣಿ, ಬೆಳಕು ಅಳೆಯುವ ಲಕ್ಸ್ ಮೀಟರ್ ಹಿಡಿದುಕೊಂಡು ಸಂಜೆಗೇ ಹೋದೆವು.

ಕಣಿವೆ ಕಡೆಯ ಗೋಡೆ ಪೂರ್ತಿ ಗಾಜು. ಮರಗಳ ನೆತ್ತಿ, ಅದರಾಚೆ ಇನ್ನೊಂದು ಬೆಟ್ಟದ ಸಾಲು. ಆ ನೋಟಕ್ಕೆಂದೇ ಅಲ್ಲಿ ಮನೆ ಕಟ್ಟಿಸಿದ್ದು. ಕತ್ತಲಾಗುತ್ತಲೇ ಮನೆಯವರು ಇದ್ದಬದ್ದ ಸ್ವಿಚ್ಚೆಲ್ಲ ಒತ್ತಿದರು. ಕಣಿವೆ ಮಾಯ. ಗಾಜಿನಲ್ಲಿ ಕಂಡದ್ದು ಸೋಫಾ, ಛಾವಣಿಯ ಡೌನ್‌ಲೈಟ್‌ಗಳ ಸಾಲು, ಏಣಿ ಹಿಡಿದು ನಿಂತ ನಾವು. “ನಮ್ಮ ಮುಖ ನಾವೇ ನೋಡ್ಕೊಳ್ಳೋಕೆ ಇಷ್ಟು ದೊಡ್ಡ ಗಾಜು ಬೇಕಿತ್ತಾ?” ಅಂದರು ಮನೆಯಾಕೆ.

ಸಾದಾ ಗಾಜಿನ ಒಂದು ಹಾಳೆ ತನ್ನ ಮೇಲೆ ನೇರ ಬಿದ್ದ ಬೆಳಕಿನಲ್ಲಿ ಸುಮಾರು ಶೇ 8ರಷ್ಟನ್ನು ವಾಪಸ್ ಕಳಿಸುತ್ತದೆ. ಹಗಲಲ್ಲೂ ಕಳಿಸುತ್ತದೆ, ಹೊರಗಿನ ಬೆಳಕಿನೆದುರು ಅದು ಲೆಕ್ಕಕ್ಕೆ ಬರುವುದಿಲ್ಲ ಅಷ್ಟೆ. ಹುಣ್ಣಿಮೆಯ ಬೆಳಕು 0.3 ಲಕ್ಸ್ ದಾಟುವುದೇ ಅಪರೂಪ. ಒಳಗೆ ನಮ್ಮ ಮೀಟರ್ 300ರ ಹತ್ತಿರ ತೋರಿಸುತ್ತಿತ್ತು.

ಅಮೆರಿಕದ ನ್ಯೂ ಕೇನಾನ್‌ನಲ್ಲಿ ವಾಸ್ತುಶಿಲ್ಪಿ ಫಿಲಿಪ್ ಜಾನ್ಸನ್ 1949ರಲ್ಲಿ ತನಗಾಗಿ ಕಟ್ಟಿಕೊಂಡ ಗಾಜಿನ ಮನೆಯದ್ದೂ ಇದೇ ಪಾಡಾಗಿತ್ತು. ಬೆಳಕಿನ ವಿನ್ಯಾಸಕ ರಿಚರ್ಡ್ ಕೆಲ್ಲಿ ಒಳಗಿನ ಬೆಳಕು ತಗ್ಗಿಸಿ, ಹೊರಗಿನ ಮರಗಳಿಗೆ ಬೆಳಕು ಕೊಟ್ಟು ಅದನ್ನು ಬಗೆಹರಿಸಿದ. ಈ ಕಥೆ ಕೇಳಿದವರೆಲ್ಲ ಅದರ ಎರಡನೇ ಅರ್ಧವನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಈ ಮನೆಯ ಯಜಮಾನರೂ ಇಳಿಜಾರಿನ ಮರಗಳ ಬುಡಕ್ಕೆಲ್ಲ ಮೇಲ್ಮುಖದ ಸ್ಪಾಟ್‌ಲೈಟ್ ಬೇಕೆಂದಿದ್ದರು. ಅಂಗಳದಲ್ಲಿ ನೆಟ್ಟ ಮರಕ್ಕಾದರೆ ನನ್ನ ತಕರಾರಿಲ್ಲ, ಇದು ಕಾಡು. ಎಲೆಗೆ ತಾಗದ ಬೆಳಕು ನೇರ ಆಕಾಶಕ್ಕೆ ಹೋಗುತ್ತದೆ, ತಾಗಿದ್ದು ಅಲ್ಲಿ ಮಲಗಿದ ಹಕ್ಕಿಗೆ. ಮೊದಲ ಅರ್ಧ ಮಾಡಿ ನೋಡೋಣ, ಆಮೇಲೆ ಮಾತಾಡೋಣ ಅಂದೆ.

ಗಾಜಿಗೆ ಹತ್ತಿರದ ಡೌನ್‌ಲೈಟ್ ಒಂದೊಂದಾಗಿ ಆರಿಸುತ್ತ ಬಂದೆವು. ಪ್ರತಿ ಸಲ ಗಾಜಿನಲ್ಲಿ ಒಂದು ಚುಕ್ಕೆ ಕಮ್ಮಿ. ಊಟದ ಮೇಜಿಗೆ ಕಿರಿದಾದ ಬೆಳಕು, ಸೋಫಾ ಪಕ್ಕ ಮೊಣಕಾಲೆತ್ತರದಲ್ಲಿ ಮುಸುಕಿದ ಒಂದು ದೀಪ, ಎರಡೂ 2700 ಕೆಲ್ವಿನ್. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಕಮ್ಮಿಯಾದಷ್ಟೂ ಹಳದಿ, ಹೆಚ್ಚಾದಷ್ಟೂ ನೀಲಿಬಿಳಿ. ಉಳಿದದ್ದನ್ನು ಡಿಮ್ಮರ್‌ನಲ್ಲಿ ಶೇ 10ಕ್ಕೆ ಇಳಿಸಿದೆ. ಅಷ್ಟಕ್ಕಿಳಿಸಿದರೂ ಕಣ್ಣಿಗೆ ಮೂರನೇ ಒಂದರಷ್ಟು ಬೆಳಕಿದ್ದಂತೆಯೇ ಅನಿಸುತ್ತದೆ; ಗಿರಾಕಿಗಳು ಮೀಟರ್ ನೋಡಿ ಗಾಬರಿಯಾಗುತ್ತಾರೆ, ಕೋಣೆ ನೋಡಿ ಅಲ್ಲ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20–30 ನಿಮಿಷ ಬೇಕು. ಅಷ್ಟು ಹೊತ್ತು ಯಾರೂ ಮೊಬೈಲ್ ತೆಗೆಯಬೇಡಿ ಅಂದದ್ದೇ ಆ ಸಂಜೆಯ ಕಷ್ಟದ ಕೆಲಸ. ಅವತ್ತು ಬೆಳದಿಂಗಳಿತ್ತು. ಮೊದಲು ಬೆಟ್ಟದ ಅಂಚು ಕಂಡಿತು, ಆಮೇಲೆ ಮರಗಳು.

ಹೊರಗಿನ ಮೆಟ್ಟಿಲಿನದ್ದು ಬೇರೆಯೇ ರಗಳೆ. ಸಮತಟ್ಟು ಜಾಗದಲ್ಲಿ ಮೇಲೆ ಮುಚ್ಚಿದ ದೀಪ ಹಾಕಿದರೆ ಕಣ್ಣಿಗೆ ಹೊಡೆಯುವುದಿಲ್ಲ. ಇಳಿಜಾರಿನಲ್ಲಿ ಕೆಳಗಿನಿಂದ ಹತ್ತಿ ಬರುವವನಿಗೆ ಅದೇ ದೀಪದ ಹೊಟ್ಟೆ ನೇರ ಕಾಣುತ್ತದೆ. ನಾನು ತಿರುವಿನ ತನಕ ಇಳಿದು ನಿಂತೆ, ಎಲೆಕ್ಟ್ರಿಷಿಯನ್ ಮೇಲೆ ರಟ್ಟಿನ ಚೂರನ್ನು ದೀಪಕ್ಕೆ ಅಡ್ಡ ಹಿಡಿದ. “ಇನ್ನೂ ಕೆಳಗೆ, ಇನ್ನೊಂದಿಷ್ಟು, ಹಾಂ.” ಎಲ್ಇಡಿ ಚಿಪ್ಪಿನ ಹಳದಿ ಚುಕ್ಕೆ ಮರೆಯಾಗಿ, ಮೆಟ್ಟಿಲ ಅಂಚಷ್ಟೇ ಉಳಿದಾಗ ಅಲ್ಲೇ ಪೆನ್ಸಿಲ್ ಗೆರೆ ಎಳೆಸಿದೆ. ತಗಡಿನ ಮರೆ ಆ ಅಳತೆಗೆ. ಕಂಟ್ರಾಕ್ಟರ್ ಬಾಗಿಲಲ್ಲಿ ಹಾಕಿದ್ದ 6500 ಕೆಲ್ವಿನ್ ಬಿಳಿ ಬಲ್ಬಿಗೆ ಅಷ್ಟರಲ್ಲಿ ಪತಂಗಗಳು ಮುತ್ತಿದ್ದವು. ಹುಳಗಳನ್ನು ಹೆಚ್ಚು ಸೆಳೆಯುವುದು ನೀಲಿ, ಅತಿನೇರಳೆ ಅಂಶ. ಅದನ್ನು ತೆಗೆಸಿ 2200 ಕೆಲ್ವಿನ್‌ನ ಅಂಬರ್ ಹಾಕಿಸಿದೆ, ಜೊತೆಗೆ ಓಡಾಟಕ್ಕಷ್ಟೇ ಉರಿಯುವ ಸೆನ್ಸರ್.

ಯಜಮಾನರು ಮರದ ಆಸೆ ಪೂರ್ತಿ ಬಿಡಲಿಲ್ಲ. ಕೊನೆಗೆ ಡೆಕ್ಕಿಗೆ ಅಂಟಿಕೊಂಡ ಒಂದೇ ಮರದ ಕಾಂಡಕ್ಕೆ, ಮೇಲಿನಿಂದ ಕೆಳಕ್ಕೆ ಬೀಳುವ ಸಣ್ಣ ದೀಪಕ್ಕೆ ರಾಜಿಯಾದೆವು. ಟೈಮರ್ ಅದನ್ನು ಒಂಬತ್ತಕ್ಕೆ ಆರಿಸಲಿ ಅಂತ ನಾನು, ಹನ್ನೊಂದಕ್ಕೆ ಅಂತ ಅವರು. ಹತ್ತಕ್ಕೆ ಇಟ್ಟು ಏಣಿ ಮಡಿಚಿದೆವು.