ಮಳೆಗೆ ಹೆದರುವ ಊರು

ನಮ್ಮವ್ವ ಫೋನ್ ಮಾಡಿದರೆ ಊಟ, ಆರೋಗ್ಯ ಎಲ್ಲ ಆಮೇಲೆ. ಮೊದಲು ಕೇಳುವುದು, "ಮಳಿ ಆತೇನೋ ಅಲ್ಲೆ?" ವಿಜಯಪುರ ಜಿಲ್ಲೆಯ ಒಣಬೇಸಾಯದ ಮನೆ ನಮ್ಮದು. ಮಗ ಪುಣೆಯಲ್ಲಿದ್ದರೂ ಅದೇ ಪ್ರಶ್ನೆ, ಪೆರುವಿನಲ್ಲಿದ್ದರೂ ಅದೇ ಪ್ರಶ್ನೆ.

2016ರ ನವೆಂಬರಿನಲ್ಲಿ ಹನಿ ನೀರಾವರಿ ಕೆಲಸಕ್ಕೆಂದು ಕಂಪನಿ ನನ್ನನ್ನು ತ್ರುಹಿಯೊಗೆ ಕಳಿಸಿತ್ತು. ಲಿಮಾದಿಂದ ಉತ್ತರಕ್ಕೆ ಸುಮಾರು 560 ಕಿಲೋಮೀಟರ್, ಪೆಸಿಫಿಕ್ ದಂಡೆಯ ದೊಡ್ಡ ಊರು. ಹೋದ ಮೊದಲ ಭಾನುವಾರ ಬೆಳಿಗ್ಗೆ ಅವ್ವನ ಫೋನು. ಅಲ್ಲಿ ನಮ್ಮೂರಲ್ಲಿ ದೀಪ ಹಚ್ಚುವ ಹೊತ್ತು.

"ಇಲ್ಲವ್ವಾ, ಇಲ್ಲಿ ಮಳಿ ಆಗೂದಿಲ್ಲ."

"ಈ ವರ್ಷ ಆಗಿಲ್ಲೇನು?"

"ಯಾವ ವರ್ಷಾನೂ ಆಗೂದಿಲ್ಲ."

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅಯ್ಯ ಶಿವನ, ಮತ್ತ ಜನಾ ಏನ್ ತಿಂತಾರೋ?"

ಅದನ್ನು ವಿವರಿಸುವುದೇ ನನ್ನ ಉದ್ಯೋಗವಾಗಿತ್ತು ಅನ್ನಿ. ತ್ರುಹಿಯೊ ಇರುವುದು ಭೂಮಧ್ಯರೇಖೆಯಿಂದ ಬರೀ 8 ಡಿಗ್ರಿ ದಕ್ಷಿಣಕ್ಕೆ. ಲೆಕ್ಕದ ಪ್ರಕಾರ ಬೆವರು ಸುರಿಯಬೇಕು, ಕಾಡು ಬೆಳೆಯಬೇಕು. ಆದರೆ ದಕ್ಷಿಣದಿಂದ ಬರುವ ಹಂಬೋಲ್ಟ್ ಪ್ರವಾಹ ಸಮುದ್ರವನ್ನು ಬಾವಿ ನೀರಿನ ಹಾಗೆ ತಣ್ಣಗಿಟ್ಟಿರುತ್ತದೆ. ನೀರಿನ ಮೇಲಿನ ಗಾಳಿ ತಂಪು, ಅದರ ಮೇಲೆ ಬಿಸಿ ಗಾಳಿಯ ಮುಚ್ಚಳ. ಮೋಡ ಹುಟ್ಟುತ್ತದೆ, ಮೇಲೇಳಲಾಗದೆ ಅಲ್ಲೇ ಕೂರುತ್ತದೆ. ಪೂರ್ವದ ಮಳೆಯನ್ನು ಆಂಡಿಸ್ ಬೆಟ್ಟಗಳು ತಡೆದುಬಿಡುತ್ತವೆ. ಹಾಗಾಗಿ ಬೆಳಗಿನ ಹೊತ್ತು ಬೂದಿ ಬಣ್ಣದ ಆಕಾಶ, ತೋಳಿಗೆ ತಾಗುವ ಸಣ್ಣ ತೇವ, ಅದಕ್ಕೆ ಅವರು 'ಗಾರುವಾ' ಅನ್ನುತ್ತಾರೆ. ಅಷ್ಟೇ. ಊರಿಗೆ 'ನಿತ್ಯ ವಸಂತದ ನಗರ' ಎಂಬ ಬಿರುದು ಬೇರೆ. ಊರಿನ ಆಚೆ ಕಾಲಿಟ್ಟರೆ ಬರೀ ಮರಳು. ಬೆಟ್ಟಗಳ ಮೇಲೆ ಒಂದು ಕಸಕಡ್ಡಿಯೂ ಇಲ್ಲ.

ಆ ಮರಳಿನಲ್ಲೇ ನಾವು ಲ್ಯಾಟರಲ್ ಪೈಪ್ ಹಾಸುತ್ತಿದ್ದೆವು. ಸಾಂತಾ ನದಿಯ ನೀರನ್ನು ಕಾಲುವೆಯಲ್ಲಿ ತಂದು ಚಾವೊ, ವಿರು, ಮೋಚೆ, ಚಿಕಾಮಾ ಎಂಬ ನಾಲ್ಕು ಕಣಿವೆಗಳಿಗೆ ಕೊಡುವ ಯೋಜನೆ. ನಾಲ್ಕರ ಹೆಸರಿನ ತುಣುಕು ಸೇರಿಸಿ ಅದಕ್ಕೆ 'ಚಾವಿಮೋಚಿಕ್' ಎಂದು ಹೆಸರು. ಶತಾವರಿ, ಬೆಣ್ಣೆಹಣ್ಣು, ಬ್ಲೂಬೆರಿ, ಎಲ್ಲ ಹಡಗು ಹತ್ತಿ ಹೋಗುವ ಬೆಳೆ. ಮಳೆ ಇಲ್ಲದಿರುವುದೇ ಇವರಿಗೆ ಅನುಕೂಲ. ನೀರು ಎಷ್ಟು, ಗೊಬ್ಬರ ಎಷ್ಟು, ಎಲ್ಲ ನಮ್ಮ ಕೈಯಲ್ಲೇ. ಇದನ್ನು ಅವ್ವನಿಗೆ ಹೇಳಿದರೆ ಅವಳು ನಂಬಲಿಲ್ಲ.

ರಜೆಯ ದಿನಗಳಲ್ಲಿ ಚಾನ್ ಚಾನ್‌ಗೆ ಹೋಗುತ್ತಿದ್ದೆ. ಊರಿನಿಂದ ವಾಂಚಾಕೊ ಬೀಚಿಗೆ ಹೋಗುವ ದಾರಿಯಲ್ಲೇ ಇದೆ. ಚಿಮೂ ರಾಜ್ಯದ ರಾಜಧಾನಿ, ಸುಮಾರು 20 ಚದರ ಕಿಲೋಮೀಟರ್, ಪೂರ್ತಿ ಹಸಿ ಇಟ್ಟಿಗೆಯದ್ದು. 1470ರ ಸುಮಾರಿಗೆ ಇಂಕಾಗಳು ಗೆದ್ದುಕೊಂಡರು. ಸ್ಪೇನಿನವರು ಬರುವ ಹೊತ್ತಿಗೆ ಊರು ಹೆಚ್ಚುಕಡಿಮೆ ಖಾಲಿ. ನಿಕ್ ಆನ್ ಎಂಬ ಒಂದೇ ಅರಮನೆಯನ್ನು ಪ್ರವಾಸಿಗಳಿಗೆ ಚೆನ್ನಾಗಿ ತೆರೆದಿಟ್ಟಿದ್ದಾರೆ.

ನಾನು ಮೇಲ್ಮುದ್ದಿ ಮನೆಯಲ್ಲಿ ಹುಟ್ಟಿದವನು. ಮಣ್ಣಿನ ಗೋಡೆ ನೋಡಿದರೆ ಕೈ ತಾನಾಗಿ ಮುಂದೆ ಹೋಗುತ್ತದೆ. ಮುಟ್ಟಬಾರದು ಅಂತ ಬೋರ್ಡಿತ್ತು, ಮುಟ್ಟಲಿಲ್ಲ. ಆದರೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದೆ. ಬುಡದಲ್ಲಿ ದಪ್ಪ, ಮೇಲೆ ಹೋದಂತೆ ತೆಳು. ಗೋಡೆಯ ತುಂಬ ಸಮುದ್ರವೇ ಇದೆ: ಸಾಲು ಸಾಲು ಮೀನು, ಹಕ್ಕಿ, ಬಲೆಯ ಕಣ್ಣಿನ ಹಾಗೆ ಜಾಲರಿ ಕಟ್ಟಿದ ಗೋಡೆಗಳು. ಒಂದು ಕಡೆ ಮೀನಿನ ಒಂದು ಸಾಲು ಬಲಕ್ಕೆ ಹೊರಟರೆ ಇನ್ನೊಂದು ಸಾಲು ಎಡಕ್ಕೆ. ಗೈಡ್ ಹೇಳಿದ್ದು: ಒಂದು ದಿಕ್ಕು ತಣ್ಣನೆ ಪ್ರವಾಹ, ಇನ್ನೊಂದು ದಿಕ್ಕು ಬಿಸಿ ಪ್ರವಾಹ, ಎಲ್ ನಿನ್ಯೋ. ಗೈಡುಗಳ ಮಾತು, ಪೂರ್ತಿ ನಂಬಬೇಕೆಂದಿಲ್ಲ. ಆದರೆ ಕಟ್ಟಿದವರಿಗೆ ಆ ಬಿಸಿ ನೀರಿನ ಪರಿಚಯ ಚೆನ್ನಾಗಿಯೇ ಇತ್ತು ಅನ್ನುವುದರಲ್ಲಿ ಅನುಮಾನವಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಬರುತ್ತದೆಂದು ಉತ್ತರ ಪೆರುವಿನ ಮೀನುಗಾರರೇ ಅದಕ್ಕೆ ಬಾಲಯೇಸುವಿನ ಹೆಸರಿಟ್ಟದ್ದು.

1986ರಲ್ಲಿ ಯುನೆಸ್ಕೊ ಚಾನ್ ಚಾನನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷ 'ಅಪಾಯದಲ್ಲಿರುವ' ಪಟ್ಟಿಗೂ ಸೇರಿಸಿತು. ನಮ್ಮ ಮನೆಯಾದರೆ ಮಳೆಗಾಲಕ್ಕೆ ಮುಂಚೆ ಅಪ್ಪ ಸವಳು ಮಣ್ಣು ತಂದು ಮಾಳಿಗೆಗೆ ಹಾಕುತ್ತಿದ್ದರು, ಇಷ್ಟು ದೊಡ್ಡ ಊರಿಗೆ ಯಾರು ಹಾಕಬೇಕು?

ಮೋಚೆ ನದಿಯ ಪಕ್ಕದ ಸೂರ್ಯ, ಚಂದ್ರ ಎಂಬ ಎರಡು ಮಣ್ಣಿನ ದಿಬ್ಬಗಳು ಇನ್ನೂ ಹಳೆಯವು, ಚಿಮೂಗಳಿಗಿಂತ ಮುಂಚಿನ ಮೋಚೆ ಜನರದ್ದು. ಸೂರ್ಯನ ದಿಬ್ಬಕ್ಕೆ ಹತ್ತು ಕೋಟಿಗೂ ಹೆಚ್ಚು ಇಟ್ಟಿಗೆ ಎಂಬ ಅಂದಾಜಿದೆ. ಎಷ್ಟೋ ಇಟ್ಟಿಗೆಗಳ ಮೇಲೆ ಗುರುತು: ಒಂದು ಚುಕ್ಕೆ, ಒಂದು ಗೆರೆ, ಕೊಕ್ಕೆ, ಪಾದದ ಅಚ್ಚು. ಯಾವ ಗುಂಪು ಎಷ್ಟು ಇಟ್ಟಿಗೆ ಕೊಟ್ಟಿತು ಅನ್ನುವ ಲೆಕ್ಕ ಇರಬೇಕು ಅನ್ನುತ್ತಾರೆ. ಇಷ್ಟೆಲ್ಲ ಕಟ್ಟಿದ್ದನ್ನು 1602ರಲ್ಲಿ ಸ್ಪೇನಿನವರು ಬಂಗಾರದಾಸೆಗೆ ನದಿಯನ್ನೇ ತಿರುಗಿಸಿ ಕೊಚ್ಚಿ ಹಾಕಿದರು. ಮಣ್ಣಿನ ಶತ್ರು ಯಾರೆಂದು ಅವರಿಗೂ ಗೊತ್ತಿತ್ತು.

ನಾನಿದ್ದದ್ದು ಹಳೇ ಊರಿನೊಳಗೆ. ಕಡಲ್ಗಳ್ಳರ ಭಯಕ್ಕೆ 1680ರ ದಶಕದಲ್ಲಿ ಮೊಟ್ಟೆಯಾಕಾರದಲ್ಲಿ ಕೋಟೆಗೋಡೆ ಕಟ್ಟಿದ್ದರಂತೆ. ಈಗ ಗೋಡೆ ಇದ್ದ ಜಾಗದಲ್ಲಿ ಎಸ್ಪಾನ್ಯಾ ಅವೆನ್ಯೂ ಅದೇ ಆಕಾರದಲ್ಲಿ ಸುತ್ತುತ್ತದೆ, ಟ್ಯಾಕ್ಸಿಗಳು ಹಾರ್ನ್ ಹೊಡೆಯುತ್ತ ಅದರ ಮೇಲೆ ಗಾಣದೆತ್ತಿನ ಹಾಗೆ ತಿರುಗುತ್ತವೆ. ಊರಿನವರಿಗೆ ತಮ್ಮ ಇತಿಹಾಸದ ಬಗ್ಗೆ ಗತ್ತು. ಲಿಮಾಗಿಂತ ಮೊದಲೇ, 1820ರ ಡಿಸೆಂಬರ್ 29ಕ್ಕೆ ಸ್ವಾತಂತ್ರ್ಯ ಸಾರಿದವರು ನಾವು ಅನ್ನುತ್ತಾರೆ. 1932ರ ದಂಗೆಯ ಮಾತು ಬಂದರೆ ಮಾತ್ರ ದನಿ ಇಳಿಯುತ್ತದೆ. ಸರ್ಕಾರ ಊರಿನ ಮೇಲೆ ವಿಮಾನದಿಂದ ಬಾಂಬು ಹಾಕಿತು, ಸಿಕ್ಕವರನ್ನು ಚಾನ್ ಚಾನ್‌ಗೆ ಒಯ್ದು ಗುಂಡಿಟ್ಟು ಕೊಂದಿತು.

ಮನೆಯೊಡತಿ ಎಪ್ಪತ್ತು ದಾಟಿದವರು. ನಾನು 'ಸೆನ್ಯೋರಾ' ಅನ್ನುತ್ತಿದ್ದೆ, ಅವರು ನನ್ನನ್ನು 'ಈಹೋ', ಮಗನೇ, ಅನ್ನುತ್ತಿದ್ದರು. ಸೋಮವಾರ ಬಂದರೆ ಊರಿನಲ್ಲೆಲ್ಲ 'ಶಾಂಬಾರ್'. ಗೋಧಿ, ಕಡಲೆ, ಬೀನ್ಸ್ ಕಾಳು ಹಾಕಿ ಕುದಿಸಿದ ಗಟ್ಟಿ ಸಾರು, ಮೇಲೆ ಹುರಿದ ಜೋಳ. ಹಂದಿಮಾಂಸ ಬೀಳದೆ ಅದು ಶಾಂಬಾರ್ ಆಗುವುದಿಲ್ಲ. ನನಗೋಸ್ಕರ ಅವರು ಒಂದು ಸಣ್ಣ ಪಾತ್ರೆಯಲ್ಲಿ ಬೇರೆ ಇಡುತ್ತಿದ್ದರು, ಅದನ್ನು ಶಾಂಬಾರ್ ಅನ್ನಬೇಡ ಎಂದು ಪ್ರತಿ ಸೋಮವಾರವೂ ಎಚ್ಚರಿಸುತ್ತ. ನನಗದು ಬೆಲ್ಲ ಹಾಕುವುದನ್ನು ಮರೆತ ಗೋಧಿ ಹುಗ್ಗಿ.

2017ರ ಬೇಸಿಗೆ ಹದಗೆಟ್ಟಿತು. ಅಲ್ಲಿ ಬೇಸಿಗೆಯೆಂದರೆ ಜನವರಿಯಿಂದ ಮಾರ್ಚ್. ವಾಂಚಾಕೊದಲ್ಲಿ ಜೊಂಡಿನ ದೋಣಿ ಏರಿ ಮೀನು ಹಿಡಿಯುವವರಿದ್ದಾರೆ. ಆ ದೋಣಿಗೆ 'ಜೊಂಡಿನ ಪುಟ್ಟ ಕುದುರೆ' ಎಂದು ಹೆಸರು, ಮೋಚೆ ಕಾಲದ ಮಡಕೆಗಳ ಮೇಲೂ ಅದೇ ಆಕಾರ. ನಾನು ನೋಡುತ್ತ ಕೂತಿದ್ದ ಒಬ್ಬ ಅಜ್ಜ ಜೊಂಡಿನ ಕಟ್ಟಿಗೆ ಕಾಲು ಒತ್ತಿ ಹಗ್ಗ ಬಿಗಿಯುತ್ತಿದ್ದರು, ಥೇಟ್ ನಮ್ಮಲ್ಲಿ ಕಣಿಕೆ ಸಿವುಡು ಕಟ್ಟುವ ಹಾಗೆ. ಅವರು ಸಮುದ್ರದ ಕಡೆ ಗದ್ದ ತೋರಿಸಿ ಹೇಳಿದ್ದು ಒಂದೇ ಮಾತು: "ನೀರು ಬಿಸಿಯಿದೆ." ನಾನು ಈಜಲಿಕ್ಕೆ ಒಳ್ಳೇದಾಯ್ತು ಅಂದುಕೊಂಡೆ!

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಪೂರ್ವದ ಬೆಟ್ಟಗಳ ಮೇಲೆ ಕರಿ ಮೋಡ ಕಟ್ಟಿತು. ನಮ್ಮ ಮಿರಗದ ಮೋಡದ ಹಾಗೆ. ನಾನು ಖುಷಿಯಿಂದ ಫೋಟೋ ತೆಗೆದು ಅವ್ವನಿಗೆ ಕಳಿಸಿದೆ. ಸೆನ್ಯೋರಾ ಬಾಗಿಲಿಗೆ ಮರಳಿನ ಚೀಲ ಪೇರಿಸುತ್ತಿದ್ದರು. "ನಗಬೇಡ ಈಹೋ, ಬಂದು ಚೀಲ ಹಿಡಿ."

ನೀರು ಮೇಲಿಂದ ಬೀಳುವುದಕ್ಕಿಂತ ಪಕ್ಕದಿಂದ ಬಂತು. ಅದಕ್ಕೆ 'ವಾಯ್ಕೊ' ಅನ್ನುತ್ತಾರೆ. ಒಣಗಿ ಬಿದ್ದಿರುವ ಸಾನ್ ಇಲ್ದೆಫೊನ್ಸೊ ಹಳ್ಳಕ್ಕೆ ನೀರಿಳಿದು, ಚಪ್ಪಲಿ ಹೊಲಿಯುವವರ ಎಲ್ ಪೋರ್ವೆನಿರ್ ಕೇರಿಯ ಮೇಲೆ ಹಾದು, ಹಳೇ ಊರಿನ ನೆಟ್ಟಗಿನ ರಸ್ತೆಗಳಲ್ಲಿ ಕೆಸರಾಗಿ ಹರಿಯಿತು. ಪ್ರಧಾನ ಚೌಕದವರೆಗೂ ಬಂತು. ಅದೂ ಒಂದೇ ಸಲವಲ್ಲ, ಆ ತಿಂಗಳಲ್ಲಿ ಮತ್ತೆ ಮತ್ತೆ. ವಿರು ಸೇತುವೆ ಕುಸಿದು ತೋಟದ ದಾರಿ ಬಂದ್. ಊರೆಲ್ಲ ನೀರು, ನಲ್ಲಿಯಲ್ಲಿ ಮಾತ್ರ ಹನಿಯೂ ಇಲ್ಲ. ಹನಿ ನೀರಾವರಿ ಎಂಜಿನಿಯರ್ ಬಕೆಟ್ ಹಿಡಿದು ಟ್ಯಾಂಕರಿನ ಪಾಳಿಯಲ್ಲಿ ನಿಂತ.

ಆ ರಾತ್ರಿಗಳಲ್ಲೇ ಸೆನ್ಯೋರಾ 1998ರ ಕತೆ ಹೇಳಿದ್ದು. ಆಗ ಅದೇ ಹಳ್ಳ ಮಾಂಪುವೆಸ್ತೊ ಸ್ಮಶಾನವನ್ನು ಒಡೆದು, ಶವಪೆಟ್ಟಿಗೆಗಳು ಊರಿನ ಬೀದಿಗೆ ತೇಲಿ ಬಂದಿದ್ದವು. ಹೇಳುತ್ತ ಅವರು ಎರಡು ಸಲ ಶಿಲುಬೆಯ ಗುರುತು ಮಾಡಿಕೊಂಡರು.

ಊರಿಗೆ ಮರಳಿದ ಮೇಲೆ ಇನ್ನೊಂದು ಸುದ್ದಿ ಓದಿದೆ. ವಾಂಚಾಕೊ ಪಕ್ಕದಲ್ಲಿ, ನಾನು ನೂರು ಸಲ ವ್ಯಾನಿನಲ್ಲಿ ಹಾದುಹೋದ ಕಡೆ, 140ಕ್ಕೂ ಹೆಚ್ಚು ಮಕ್ಕಳ ಮತ್ತು 200ಕ್ಕೂ ಹೆಚ್ಚು ಲಾಮಾಗಳ ಅಸ್ಥಿ ಅಗೆದು ತೆಗೆದಿದ್ದರು. 1450ರ ಸುಮಾರಿನ ಚಿಮೂ ಬಲಿ. ಮರಳಿನ ಮೇಲೆ ದಪ್ಪ ಕೆಸರಿನ ಪದರವಿತ್ತಂತೆ, ಅಂದರೆ ದೊಡ್ಡ ಮಳೆ. ಮಳೆ ನಿಲ್ಲಲಿ ಎಂದು ಕೊಟ್ಟ ಬಲಿಯಿರಬಹುದು ಎಂಬುದು ತಜ್ಞರ ಊಹೆ. ನಮ್ಮ ಓಣಿಯಲ್ಲಿ ಮಳೆ ಬರಲಿ ಎಂದು ಹುಡುಗರ ತಲೆಯ ಮೇಲೆ ಗುರ್ಜಿ ಹೊರಿಸಿ ಮನೆಮನೆಯಲ್ಲೂ ನೀರು ಸುರಿಯುತ್ತಿದ್ದರು. ನಾನೂ ಹೊತ್ತಿದ್ದೇನೆ, ನಡುಗುತ್ತ, ನಗುತ್ತ. ಆ ಸುದ್ದಿಯನ್ನು ಅವ್ವನಿಗೆ ಹೇಳಲಿಲ್ಲ.

ಹೊರಡುವ ಮುಂಚೆ ಗೋಡೆಗೆ ಸುಣ್ಣ ಹಚ್ಚಲು ಸೆನ್ಯೋರಾಗೆ ಕೈಜೋಡಿಸಿದೆ. ಮೊಣಕಾಲೆತ್ತರಕ್ಕೆ ಕೆಸರಿನ ಗೆರೆ, ಮೂರು ಕೋಟ್ ಹೊಡೆದರೂ ಇಣುಕುತ್ತಿತ್ತು. ಬ್ರಷ್ ಅದ್ದುತ್ತ ಕೇಳಿದರು, "ನಿಮ್ಮೂರಲ್ಲಿ ಮಳೆ ಬರುತ್ತಾ?"

"ಬರುತ್ತೆ, ಆದರೆ ಸಾಕಾಗೋದಿಲ್ಲ. ಕೆಲವು ವರ್ಷ ಬರೋದೇ ಇಲ್ಲ."

"ಪುಣ್ಯವಂತರು," ಅಂದರು.

ಭಾನುವಾರ ಅವ್ವನಿಗೆ ಇದನ್ನು ಹೇಳಿದೆ. ಅವಳು ನಗಲಿಲ್ಲ, ಸಿಟ್ಟೂ ಆಗಲಿಲ್ಲ. "ಆ ಹಿರೇಮನಿಶ್ಯಾಳನ್ನ ಒಮ್ಮೆ ನಮ್ಮ ಕಡೆ ಬಾ ಅಂತ ಹೇಳು. ಬರೂಮುಂದ ಆ ಮೋಡಾನೂ ಕರಕೊಂಡು ಬಾ ಅನ್ನು."